ಸಪೆ ಇಬಾನರ ಹಬ್ಬದ ವಾದ್ಯವೇ?

ಪ್ರಶ್ನೆ: ಬೋರ್ನಿಯೊದ ಇಬಾನ್ ಜನರ ಹಬ್ಬದ ಸಂಗೀತ ಅಂತ ಹುಡುಕಿದರೆ ಬರೀ ಸಪೆ ಅನ್ನೋ ತಂತಿವಾದ್ಯದ ವಿಡಿಯೊಗಳೇ ಬರುತ್ತವೆ. ಅವರು ಹಬ್ಬದಲ್ಲಿ ನುಡಿಸುವುದು ಅದನ್ನೇನಾ?

ಉತ್ತರ: ಅಲ್ಲ. ದೋಣಿಯಂತಿರುವ ಆ ಸಪೆ ಹೊಳೆಗಳ ಮೇಲ್ಭಾಗದ ಕಾಯನ್, ಕೆನ್ಯಾಹ್ ಬುಡಕಟ್ಟುಗಳದ್ದು. 1998ರಲ್ಲಿ ಕುಚಿಂಗ್ ಬಳಿ ಶುರುವಾದ ರೇನ್‌ಫಾರೆಸ್ಟ್ ಸಂಗೀತೋತ್ಸವದಂಥ ವೇದಿಕೆಗಳಿಂದ ಅದು ಬೋರ್ನಿಯೊದಲ್ಲಿರುವ ಮಲೇಷ್ಯಾದ ರಾಜ್ಯ ಸಾರವಾಕ್‌ನ ಗುರುತಾಗಿಬಿಟ್ಟಿದೆ. ಗೊಂದಲ ಆಗುವುದು ಸಹಜ. ಆದರೆ ಇಬಾನರ ಹಬ್ಬಕ್ಕೆ, ಅಂದರೆ ಗವಾಯ್‌ಗೆ, ಬೇಕಾದ್ದು ಜಾಗಟೆ ಮತ್ತು ಡೋಲು.

ಇಡೀ ಊರೇ ವಾಸಿಸುವ ಉದ್ದಮನೆಯ ಜಗಲಿಯಲ್ಲಿ ಮೇಳ ಕೂರುತ್ತದೆ. ಎಂಗ್‌ಕೆರುಮುಂಗ್ ಅಂದರೆ ಮರದ ಚೌಕಟ್ಟಿನ ಮೇಲೆ ಸಾಲಾಗಿ ಕೂರಿಸಿದ ಪುಟ್ಟ ಜಾಗಟೆಗಳು. ಪ್ರತಿಯೊಂದರ ನಡುವೆ ಒಂದು ಉಬ್ಬು. ನುಡಿಸುವವರು ಎರಡು ಕೋಲು ಹಿಡಿದು ಆ ಉಬ್ಬಿನ ಮೇಲೇ ಹೊಡೆಯಬೇಕು. ರಾಗ ಹುಟ್ಟುವುದು ಅಲ್ಲೇ. ಪಕ್ಕದಲ್ಲಿ ತೂಗುಹಾಕಿದ ದೊಡ್ಡ ಜಾಗಟೆ ತಾವಾಕ್ ಗಂಭೀರವಾಗಿ ಮೊಳಗುತ್ತದೆ, ಬೆಂಡಾಯ್ ಅನ್ನೋ ಇನ್ನೊಂದು ಜಾಗಟೆ ಅದಕ್ಕಿಂತ ಮೇಲಿನ ದನಿಯಲ್ಲಿ ಲಯ ಹಿಡಿಯುತ್ತದೆ, ಡೋಲು ಓಟ ಕೊಡುತ್ತದೆ. ಒಬ್ಬರ ಪೆಟ್ಟು ಬಿಟ್ಟ ಜಾಗದಲ್ಲಿ ಇನ್ನೊಬ್ಬರ ಪೆಟ್ಟು ಬೀಳುತ್ತದೆ. ಎಲ್ಲಾ ಸೇರಿದಾಗಲೇ ಅದು ಸಂಗೀತ. ಒಂದನ್ನೇ ಬಿಡಿಸಿ ಕೇಳಿದರೆ ಏನೂ ದಕ್ಕುವುದಿಲ್ಲ. ಇಬಾನರ ನ್ಗಾಜತ್ ಕುಣಿತಕ್ಕೂ ಇದೇ ಮೇಳ.

ನನಗೆ ಜಾಸ್ತಿ ಇಷ್ಟವಾಗುವುದು ಮಾತ್ರ ಲೆಮಂಬಾಂಗ್‌ಗಳ ಹಾಡು. ಇವರು ಮಂತ್ರಗೀತೆಗಳನ್ನು ಬಾಯಿಪಾಠ ಮಾಡಿದ ಗಾಯಕರು. ದೊಡ್ಡ ಗವಾಯ್‌ನಲ್ಲಿ ಕೈಯಲ್ಲಿ ಕೋಲು ಹಿಡಿದು, ನೆಲಕ್ಕೆ ಕುಟ್ಟುತ್ತಾ, ಜಗಲಿಯ ಉದ್ದಕ್ಕೂ ರಾತ್ರಿಯಿಡೀ ಹಾಡುತ್ತಾ ನಡೆಯುತ್ತಾರೆ. ಮುಖ್ಯ ಗಾಯಕ ಹೇಳಿದ್ದಕ್ಕೆ ಜೊತೆಯವರು ದನಿಗೂಡಿಸುತ್ತಾರೆ. ಯುದ್ಧದೇವರು ಸಿಂಗಲಾಂಗ್ ಬುರೋಂಗ್ ತನ್ನ ಪರಿವಾರದೊಂದಿಗೆ ಹಬ್ಬದೂಟಕ್ಕೆ ಹೊರಟು ಬರುವ ಪ್ರಯಾಣವೇ ಆ ಹಾಡಿನ ಕಥೆ. ಕೇಳುವವರಿಗೆ ಇದು ಸುಮ್ನೆ ಮನರಂಜನೆ ಅಲ್ಲ. ಹಾಡಿನ ದಾರಿಯಲ್ಲೇ ದೇವರು ಮನೆಗೆ ಬರುತ್ತಾನೆ.

ಸಾವಾದಾಗ ಎಲ್ಲವೂ ಬದಲಾಗುತ್ತದೆ. ಸೂತಕ ಕಳೆಯುವ ತನಕ ಜಾಗಟೆ ಮುಟ್ಟುವಂತಿಲ್ಲ. ಆಗ ಕೇಳುವುದು ಸಬಕ್: ಶವದ ಬಳಿ ಕೂತ ಹೆಂಗಸು, ಸತ್ತವರ ಲೋಕವಾದ ಸೆಬಾಯನ್‌ಗೆ ಆತ್ಮ ಸಾಗುವ ದಾರಿಯನ್ನು ರಾತ್ರಿಯೆಲ್ಲಾ ಹಾಡಿ ಹೇಳುತ್ತಾಳೆ.

ಇನ್ನು ಹುಡುಕುವಾಗ ಎಂಗ್‌ಕೆರುಮುಂಗ್, ತಾವಾಕ್ ಅಂತ ಹುಡುಕಿ. ಪ್ರತಿ ವರ್ಷ ಜೂನ್ 1ರ ಸುಗ್ಗಿ ಹಬ್ಬ ಗವಾಯ್ ದಯಾಕ್ ಹೊತ್ತಿಗೆ ಉದ್ದಮನೆಗಳಲ್ಲಿ ಚಿತ್ರೀಕರಿಸಿದ ವಿಡಿಯೊ ಸಿಕ್ಕರೆ ಅದನ್ನೇ ಮೊದಲು ನೋಡಿ.