ಎಲೀನರ್ ಹಿಡಿದಿದ್ದ ಕೈ ಯಾರದು?

ಶರ್ಲಿ ಜಾಕ್ಸನ್ ಬರೆದ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ಕಾದಂಬರಿ ಬಂದದ್ದು 1959ರಲ್ಲಿ, ಅಮೆರಿಕದಲ್ಲಿ. ಅದನ್ನು ಓದಿದವರು ಇವತ್ತಿಗೂ ಎರಡು ಗುಂಪು. ಆ ಮನೆಯಲ್ಲಿ ನಿಜಕ್ಕೂ ದೆವ್ವ ಇದೆ ಅನ್ನುತ್ತಾರೆ ಕೆಲವರು. ಇಲ್ಲ, ಎಲ್ಲಾ ಎಲೀನರ್ ವಾನ್ಸ್ ಎಂಬ ಹೆಂಗಸಿನ ತಲೆಯೊಳಗೆ ನಡೆದದ್ದು ಅನ್ನುತ್ತಾರೆ ಉಳಿದವರು. ಆಮೇಲೆ ಬಂದ ಸಿನಿಮಾಗಳು, ಸರಣಿ ಸೇರಿ ಗೋಜಲು ಇನ್ನೂ ಜಾಸ್ತಿ ಆಗಿದೆ.

ಈ ಜಗಳ ಕಾದಂಬರಿಗಿಂತ ಹಳೆಯದು. 1764ರಲ್ಲಿ ಇಂಗ್ಲೆಂಡಿನ ಹೊರೇಸ್ ವಾಲ್ಪೋಲ್ ಕೋಟೆಯೊಂದರ ಕಥೆ ಬರೆದಾಗ ಯಾರಿಗೂ ಅನುಮಾನವಿರಲಿಲ್ಲ. ದೈತ್ಯ ಗಾತ್ರದ ಶಿರಸ್ತ್ರಾಣ ಬಿದ್ದು ಮದುಮಗ ಸತ್ತರೆ ಅದು ದೆವ್ವದ ಕೆಲಸವೇ. ಮೂವತ್ತು ವರ್ಷದ ನಂತರ ಆನ್ ರ್ಯಾಡ್‌ಕ್ಲಿಫ್ ಓದುಗರನ್ನು ಚೆನ್ನಾಗಿ ಹೆದರಿಸಿ, ಕೊನೆಗೆ ಒಂದೊಂದಕ್ಕೂ ಕಾರಣ ಕೊಟ್ಟರು. 1898ರಲ್ಲಿ ಹೆನ್ರಿ ಜೇಮ್ಸ್ ಕಾರಣ ಕೊಡುವುದನ್ನೇ ಬಿಟ್ಟರು. ಅವರ ‘ದಿ ಟರ್ನ್ ಆಫ್ ದಿ ಸ್ಕ್ರೂ’ದಲ್ಲಿ ಮಕ್ಕಳಿಗೆ ಪಾಠ ಹೇಳಲು ಬಂದ ಯುವತಿಗೆ ದೆವ್ವಗಳು ಕಾಣುತ್ತವೆ. ಅದು ಅವಳ ಅದುಮಿಟ್ಟ ಮನಸ್ಸಿನ ಭ್ರಮೆ ಎಂದು 1934ರಲ್ಲಿ ವಿಮರ್ಶಕ ಎಡ್ಮಂಡ್ ವಿಲ್ಸನ್ ವಾದಿಸಿದರು. ದೆವ್ವವೋ ಹುಚ್ಚೋ ಅನ್ನುವ ಪ್ರಶ್ನೆ ಅಲ್ಲಿಂದ ಗಟ್ಟಿಯಾಯಿತು.

ಜಾಕ್ಸನ್ ಈ ಪ್ರಶ್ನೆಯನ್ನು ತೆಗೆದುಕೊಂಡ ರೀತಿಯೇ ಬೇರೆ. ದೆವ್ವಕ್ಕಿಂತ ಮೊದಲು ಅವರು ಎಲೀನರ್‌ಳ ಬದುಕನ್ನು ಹೇಳುತ್ತಾರೆ. ಆಕೆಗೆ 32 ವರ್ಷ. ಅದರಲ್ಲಿ 11 ವರ್ಷ ಹಾಸಿಗೆ ಹಿಡಿದ ತಾಯಿಯ ಸೇವೆಯಲ್ಲೇ ಕಳೆದಿವೆ. ತಾಯಿ ಸತ್ತ ಮೇಲೆ ಅಕ್ಕನ ಮನೆಯಲ್ಲಿ, ಮಗುವಿನ ಕೋಣೆಯಲ್ಲಿ ಹಾಸಿಗೆ. ಕಾರಿನಲ್ಲಿ ಅರ್ಧ ಪಾಲು ತನ್ನದೇ. ಆದರೂ ಕೇಳಿದರೆ ಕೊಡುವುದಿಲ್ಲ, ಕದ್ದು ತೆಗೆದುಕೊಂಡು ಹೊರಡಬೇಕು. ದೆವ್ವಗಳ ಬಗ್ಗೆ ಸಂಶೋಧನೆ ಮಾಡುವ ಡಾಕ್ಟರ್ ಮಾಂಟೆಗ್ಯೂ ಹಿಲ್ ಹೌಸ್‌ಗೆ ಕರೆದಾಗ ಅವಳಿಗಾಗುವುದು ಹೆದರಿಕೆಯಲ್ಲ, ಸಂತೋಷ. ಕೊನೆಗೂ ಯಾರೋ ತನ್ನನ್ನು ಕರೆದರು ಅಂತ!

ಮನೆಯೂ ಸುಮ್ನೆ ಕಟ್ಟಿದ್ದಲ್ಲ. ಹ್ಯೂ ಕ್ರೇನ್ ಎಂಬಾತ ಎಂಬತ್ತು ವರ್ಷದ ಹಿಂದೆ ಕಟ್ಟಿಸಿದ ಆ ಮನೆಯಲ್ಲಿ ಯಾವ ಮೂಲೆಯೂ ಸರಿಯಾದ ಮೂಲೆಯಲ್ಲ. ಎಲ್ಲವೂ ಕೂದಲೆಳೆಯಷ್ಟು ವಾರೆ. ತೆರೆದಿಟ್ಟ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಇದಕ್ಕೆ ಕಾರಣ ಇದೆ, ಆ ಕಾರಣವನ್ನು ಡಾಕ್ಟರ್ ಹೇಳುತ್ತಾರೆ. ಆದರೆ ಕಾರಣ ತಿಳಿದ ಮೇಲೂ ಭಯ ಹೋಗುವುದಿಲ್ಲ. ನನಗೆ ಇಡೀ ಪುಸ್ತಕದಲ್ಲಿ ಹೆಚ್ಚು ಕಾಡುವುದು ಇದೇ.

ಎರಡನೇ ರಾತ್ರಿಯ ಬಡಿತ ನೋಡಿ. ಗೋಡೆ ಬಡಿಯುವ ಸದ್ದಿಗೆ ಎಲೀನರ್ ನಿದ್ದೆಗಣ್ಣಲ್ಲೇ “ಬಂದೆ ಅಮ್ಮಾ” ಅನ್ನುತ್ತಾಳೆ. ತಾಯಿ ಮದ್ದಿಗಾಗಿ ಹಾಗೆಯೇ ಗೋಡೆ ಬಡಿಯುತ್ತಿದ್ದಳು. ತಾಯಿ ಸತ್ತ ರಾತ್ರಿ ಆ ಬಡಿತ ತನಗೆ ಕೇಳಿಸಿತ್ತೋ, ಕೇಳಿಸಿಯೂ ಮಲಗಿಬಿಟ್ಟೆನೋ ಅನ್ನುವುದು ಅವಳಿಗೇ ಖಚಿತವಿಲ್ಲ. ಈಗ ಬಾಗಿಲಾಚೆ ಬಡಿಯುತ್ತಿರುವುದು ಮನೆಯೋ, ಅವಳ ಅಪರಾಧದ ಭಾವವೋ? ಆ ಸದ್ದು ಡಾಕ್ಟರ್ ಕರೆಸಿದ್ದ ಇನ್ನೊಬ್ಬ ಹೆಂಗಸು ಥಿಯೊಡೋರಾಗೂ ಕೇಳಿಸುತ್ತದೆ ಅನ್ನುವುದನ್ನು ಮರೆಯಬಾರದು.

ಇನ್ನೊಂದು ರಾತ್ರಿ ಕತ್ತಲೆಯಲ್ಲಿ ಪಕ್ಕದ ಕೋಣೆಯಿಂದ ಮಗು ಅಳುವ ದನಿ ಬರುತ್ತದೆ. ಎಲೀನರ್ ಗೆಳತಿ ಥಿಯೊಡೋರಾಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾಳೆ. ತಡೆಯಲಾರದೆ ಕಿರುಚುತ್ತಾಳೆ. ನೋಡಿದರೆ ದೀಪ ಉರಿಯುತ್ತಲೇ ಇದೆ, ಥಿಯೊಡೋರಾ ಎದುರಿನ ಮಂಚದ ಮೇಲಿದ್ದಾಳೆ. ಹಾಗಾದರೆ ಹಿಡಿದಿದ್ದ ಕೈ ಯಾರದು? ಪುಸ್ತಕ ಹೇಳುವುದಿಲ್ಲ. ರಕ್ತವಿಲ್ಲ, ಆಕಾರವಿಲ್ಲ. ಹೆದರಿದಾಗ ಹಿಡಿದುಕೊಳ್ಳಲು ಸಿಕ್ಕ ಒಂದೇ ಕೈಯೂ ತನ್ನವರದಲ್ಲ, ಅಷ್ಟೇ.

1963ರಲ್ಲಿ ರಾಬರ್ಟ್ ವೈಸ್ ಇದನ್ನು ಕಪ್ಪು ಬಿಳುಪಿನಲ್ಲಿ ಸಿನಿಮಾ ಮಾಡಿದರು. ಚಿತ್ರಕಥೆ ಬರೆದ ನೆಲ್ಸನ್ ಗಿಡ್ಡಿಂಗ್‌ಗೆ ಇದು ಮನಸ್ಸು ಮುರಿದ ಹೆಂಗಸಿನ ಕಥೆ ಅನ್ನಿಸಿ, ಜಾಕ್ಸನ್ ಅವರನ್ನೇ ಹೋಗಿ ಕೇಳಿದ್ದರು. ಯೋಚನೆ ಚೆನ್ನಾಗಿದೆ, ಆದರೆ ತಾನು ಬರೆದದ್ದು ದೆವ್ವದ ಕಥೆಯೇ ಎಂದರು ಜಾಕ್ಸನ್. ಅವರು ತೀರಿಕೊಂಡದ್ದು 1965ರಲ್ಲಿ, 48ನೇ ವಯಸ್ಸಿಗೆ. 1999ರ ಸಿನಿಮಾ ಗ್ರಾಫಿಕ್ಸ್ ಬಳಸಿ ದೆವ್ವವನ್ನು ಕಣ್ಣಿಗೇ ತೋರಿಸಿತು. ಅದರಿಂದ ಭಯ ಕಡಿಮೆಯಾಯಿತು ಅಂತಲೇ ನನ್ನ ಅಭಿಪ್ರಾಯ. 2018ರ ನೆಟ್‌ಫ್ಲಿಕ್ಸ್ ಸರಣಿ ಹೆಸರುಗಳನ್ನು ಉಳಿಸಿಕೊಂಡು ಒಂದು ಕುಟುಂಬದ ಹೊಸ ಕಥೆಯನ್ನೇ ಕಟ್ಟಿತು.

ಆದರೆ ಎರಡು ಗುಂಪಿನವರೂ ಬೇಗ ದಾಟಿಬಿಡುವ ಜಾಗವೊಂದಿದೆ. ಎಲೀನರ್ ಹದಗೆಡುವುದು ಎಲ್ಲರ ಕಣ್ಣೆದುರೇ. ಅವಳಿಗೆ ಇಲ್ಲಿರುವುದು ಒಳ್ಳೆಯದಲ್ಲ ಎಂದು ಉಳಿದವರು ಅವಳನ್ನು ಒಂಟಿಯಾಗಿ ಕಾರಿನಲ್ಲಿ ಕೂರಿಸಿ ಕಳಿಸುತ್ತಾರೆ. ತನಗೆ ಹೋಗಲು ಮನೆಯೇ ಇಲ್ಲ ಎಂದು ಅವಳು ಬಾಯಿಬಿಟ್ಟು ಹೇಳಿದ ಮೇಲೂ. ಅವಳು ಕಾರನ್ನು ದಾರಿಯ ದೊಡ್ಡ ಮರಕ್ಕೆ ನುಗ್ಗಿಸುತ್ತಾಳೆ. ಕೊನೆಯ ಕ್ಷಣದಲ್ಲಿ ಮಾತ್ರ ಅವಳ ಮನಸ್ಸು ತಿಳಿಯಾಗುತ್ತದೆ: ನಾನ್ಯಾಕೆ ಹೀಗೆ ಮಾಡುತ್ತಿದ್ದೇನೆ, ಇವರ್ಯಾರೂ ಯಾಕೆ ತಡೆಯುತ್ತಿಲ್ಲ?

ಮುಂದಿನ ಪ್ಯಾರಾದಲ್ಲಿ ಥಿಯೊಡೋರಾ ತನ್ನ ಮನೆಗೆ ಮರಳಿದ್ದಾಳೆ. ಜೊತೆಗಿದ್ದ ಲೂಕ್ ಪ್ಯಾರಿಸ್‌ನಲ್ಲಿದ್ದಾನೆ. ಡಾಕ್ಟರ್ ತಮ್ಮ ಲೇಖನ ಪ್ರಕಟಿಸಿದ್ದಾರೆ.