ಚಳಿಗಾಲವಿಲ್ಲದ ನಾಡಿನಲ್ಲಿ ವೈನ್ ದ್ರಾಕ್ಷಿ

ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬಳ್ಳಿ ಚಳಿ ಬಂದೊಡನೆ ಎಲೆ ಉದುರಿಸಿ ನಿದ್ದೆಗೆ ಜಾರುತ್ತದೆ, ವಸಂತದಲ್ಲಿ ಎದ್ದು ಚಿಗುರುತ್ತದೆ. ಜಗತ್ತಿನ ಹೆಸರಾಂತ ವೈನ್ ಸೀಮೆಗಳು ಬಹುಪಾಲು 30ರಿಂದ 50 ಡಿಗ್ರಿ ಅಕ್ಷಾಂಶಗಳ ನಡುವೆ ಇರುವುದಕ್ಕೆ ಈ ನಿದ್ದೆಯೂ ಒಂದು ಕಾರಣ. ನಂದಿಬೆಟ್ಟದ ತಪ್ಪಲು ಇರುವುದು 13 ಡಿಗ್ರಿಯಲ್ಲಿ. ಇಲ್ಲಿ ಬಳ್ಳಿಯನ್ನು ಅದರ ಪಾಡಿಗೆ ಬಿಟ್ಟರೆ ವರ್ಷವಿಡೀ ಹಸಿರಾಗಿ ಹಬ್ಬುತ್ತದೆ, ಹಣ್ಣು ಮಾತ್ರ ಅಲ್ಲೊಂದು ಇಲ್ಲೊಂದು. ಆದರೂ 1980ರ ದಶಕದ ಕೊನೆಯಿಂದ ದೊಡ್ಡಬಳ್ಳಾಪುರದ ಸುತ್ತ ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್, ಸೊವಿನ್ಯೋನ್ ಬ್ಲಾಂ ತಳಿಗಳು ಬೆಳೆಯುತ್ತಿವೆ. ಇದನ್ನು ಸಾಧ್ಯವಾಗಿಸಿದ್ದು ಕತ್ತರಿ.

ವಿಜಯಪುರದ ರೈತರು ಚಾಟ್ನಿ ಎನ್ನುವ ಈ ಸವರುವಿಕೆ ನಮ್ಮಲ್ಲಿ ವರ್ಷಕ್ಕೆರಡು ಬಾರಿ ನಡೆಯುತ್ತದೆ. ಏಪ್ರಿಲ್ ಹೊತ್ತಿಗೆ ಕಡ್ಡಿಗಳನ್ನು ಒಂದೆರಡು ಕಣ್ಣು, ಅಂದರೆ ಚಿಗುರೊಡೆಯುವ ಮೊಗ್ಗು, ಉಳಿಸಿ ಗಿಡ್ಡವಾಗಿ ಕತ್ತರಿಸುತ್ತಾರೆ. ಆಗ ಬರುವ ಚಿಗುರಿನಿಂದ ಹಣ್ಣನ್ನು ನಿರೀಕ್ಷಿಸುವುದಿಲ್ಲ, ಬಲವಾದ ಕಡ್ಡಿ ಸಿಕ್ಕರೆ ಸಾಕು. ಮಳೆಗಾಲ ಮುಗಿಯುತ್ತಾ ಬಂದಾಗ, ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ, ಅದೇ ಕಡ್ಡಿಗಳನ್ನು ಇನ್ನಷ್ಟು ಕಣ್ಣುಗಳನ್ನು ಉಳಿಸಿ ಸವರುತ್ತಾರೆ. ಹಣ್ಣು ಬರುವುದು ಈ ಎರಡನೆಯ ಚಿಗುರಿನಲ್ಲಿ. ಕೊಯ್ಲು ಫೆಬ್ರುವರಿ, ಮಾರ್ಚ್‌ಗೆ. ಹೀಗೆ ಹಣ್ಣಿನ ಅವಧಿ ಮಳೆಗಾಲವನ್ನು ತಪ್ಪಿಸಿಕೊಂಡು ಒಣಹವೆಯ, ರಾತ್ರಿ ತಂಪಾಗಿರುವ ತಿಂಗಳುಗಳಿಗೆ ಬೀಳುತ್ತದೆ.

ಚಳಿಯ ವಿಶ್ರಾಂತಿ ಸಿಗದ ಕಣ್ಣುಗಳು ಒಟ್ಟಿಗೆ ಒಡೆಯುವುದಿಲ್ಲ. ಅದಕ್ಕಾಗಿ ಸವರಿದ ಕಡ್ಡಿಗೆ ಹೈಡ್ರೋಜನ್ ಸಯನಮೈಡ್ ಎಂಬ ರಾಸಾಯನಿಕ ಹಚ್ಚುವ ರೂಢಿಯಿದೆ. ಇದು ಚರ್ಮವನ್ನು ಸುಡುವ ವಿಷ. ಜೊತೆಗೆ ದೇಹವು ಮದ್ಯವನ್ನು ಕರಗಿಸುವ ಕ್ರಿಯೆಯನ್ನೇ ತಡೆಯುವುದರಿಂದ, ಇದನ್ನು ಹಚ್ಚುವ ಹಿಂದುಮುಂದಿನ ದಿನಗಳಲ್ಲಿ ಮದ್ಯ ಮುಟ್ಟಬಾರದು. ಕೈಗವಸು, ಮುಖಗವಸು ಕೊಡದೆ ಆಳುಗಳಿಂದ ಈ ಕೆಲಸ ಮಾಡಿಸುವುದು ಅಪರಾಧವೆಂದೇ ನನ್ನ ಭಾವನೆ.

ನನ್ನನ್ನು ಎಂದಿಗೂ ಬೆರಗುಗೊಳಿಸುವುದು ಆ ಕಣ್ಣಿನ ಒಳಗಿನ ಸಂಗತಿ. ಅಕ್ಟೋಬರ್ ಚಾಟ್ನಿಗೆ ಮುನ್ನ ಕಣ್ಣೊಂದನ್ನು ಬ್ಲೇಡಿನಿಂದ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಮುಂದೆ ಬರಲಿರುವ ಗೊಂಚಲಿನ ಮೂಲ ಪುಟ್ಟ ಉಬ್ಬಾಗಿ ಕಾಣುತ್ತದೆ. ಅದು ಎಷ್ಟನೆಯ ಕಣ್ಣಿನಲ್ಲಿದೆ ಎಂದು ನೋಡಿಯೇ ಜಾಣ ಬೆಳೆಗಾರರು ಕಡ್ಡಿಯನ್ನು ಎಲ್ಲಿ ಕತ್ತರಿಸಬೇಕೆಂದು ತೀರ್ಮಾನಿಸುತ್ತಾರೆ. ಆ ಉಬ್ಬು ಹುಟ್ಟುವುದು ಏಪ್ರಿಲ್ ಚಾಟ್ನಿಯ ನಂತರದ ಮೊದಲ ಎರಡು ತಿಂಗಳಲ್ಲಿ. ಹುಟ್ಟಿದಾಗ ಅದು ಗೊಂಚಲೂ ಅಲ್ಲ, ಆಸರೆ ಹಿಡಿಯುವ ನುಲಿಬಳ್ಳಿಯೂ ಅಲ್ಲ, ಎರಡೂ ಆಗಬಲ್ಲದು. ಬಿಸಿಲು ಚೆನ್ನಾಗಿ ಬಿದ್ದು ಸೈಟೊಕೈನಿನ್ ಎಂಬ ಹಾರ್ಮೋನು ಮೇಲುಗೈ ಪಡೆದರೆ ಗೊಂಚಲಿನ ಕಡೆಗೆ ವಾಲುತ್ತದೆ; ನೆರಳು ಕವಿದು ಜಿಬ್ಬರೆಲಿನ್ ಎಂಬ ಇನ್ನೊಂದು ಹಾರ್ಮೋನು ಹೆಚ್ಚಾದರೆ ನುಲಿಬಳ್ಳಿಯ ಕಡೆಗೆ. ಪಿನೋ ಮ್ಯೂನಿಯೆ ತಳಿಯಿಂದ ಪಡೆದ ಒಂದು ಗಿಡ್ಡ ರೂಪಾಂತರಿಗೆ ಜಿಬ್ಬರೆಲಿನ್‌ನ ಸಂದೇಶ ತಿಳಿಯುವುದೇ ಇಲ್ಲ; ಅದರಲ್ಲಿ ನುಲಿಬಳ್ಳಿ ಬರಬೇಕಾದ ಕಡೆಯಲ್ಲೆಲ್ಲ ಗೊಂಚಲು ಬರುವುದನ್ನು 2002ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ವರದಿ ಮಾಡಿದರು. ಮೇ, ಜೂನ್ ತಿಂಗಳಲ್ಲಿ ಸಾರಜನಕ ಸುರಿದು ತೋಟವನ್ನು ದಟ್ಟ ಹಸಿರು ಮಾಡಿಕೊಂಡವರು ಫೆಬ್ರುವರಿಯಲ್ಲಿ ಗೊಂಚಲು ಹುಡುಕುವಂತಾಗುವುದು ಈ ಕಾರಣಕ್ಕೇ.

ಆದ್ದರಿಂದ ವೈನ್ ತೋಟದಲ್ಲಿ ಬಿಸಿಲಿನ ನಿರ್ವಹಣೆಯೇ ದೊಡ್ಡ ಕೆಲಸ. ಚಿಗುರುಗಳನ್ನು ತಂತಿಗಳ ನಡುವೆ ನೇರವಾಗಿ ಮೇಲಕ್ಕೆ ಹಬ್ಬಿಸಿ, ಹೆಚ್ಚಾದವನ್ನು ಚಿವುಟಿ, ಗೊಂಚಲಿನ ಸುತ್ತಲಿನ ಎಲೆಗಳಲ್ಲಿ ಕೆಲವನ್ನು ಕೀಳುತ್ತಾರೆ. ಎಲೆ ಕೀಳುವಾಗ ಬೆಳಗಿನ ಎಳೆಬಿಸಿಲು ತಾಗುವ ಬದಿಯನ್ನು ಆರಿಸಬೇಕು. ಪಡುವಣ ಬದಿಯನ್ನು ಬೋಳು ಮಾಡಿದರೆ ಇಳಿಹೊತ್ತಿನ ಬಿಸಿಲಿಗೆ ಹಣ್ಣು ಬೇಯುತ್ತದೆ.

ಗಾಳಿಯಾಡುವ ಬಳ್ಳಿಯಲ್ಲಿ ರೋಗವೂ ಕಡಿಮೆ. ದ್ರಾಕ್ಷಿಗೆ ಬರುವ ಡೌನಿ ಎಂಬ ಬೂಷ್ಟು ರೋಗವನ್ನು ತರುವ ಜೀವಿ, ನಮ್ಮ ಅಡಿಕೆಯ ಕೊಳೆರೋಗದ ಫೈಟಾಫ್ತೊರಾದ ಹತ್ತಿರದ ನೆಂಟ. ಇಬ್ಬರಿಗೂ ಮದ್ದು ಒಂದೇ, ಮೈಲುತುತ್ತ ಮತ್ತು ಸುಣ್ಣ. ಕಳ್ಳರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಫ್ರೆಂಚ್ ರೈತರು ಬಳಿದಿದ್ದ ಈ ಮಿಶ್ರಣ ಡೌನಿಯನ್ನೂ ತಡೆದದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ಲೋಕಕ್ಕೆ ತಿಳಿಸಿದ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಳೆಗೆ ಮುನ್ನ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಆ ದ್ರಾಕ್ಷಿ ಸೀಮೆಯದೇ ಹೆಸರು.

ತಿನ್ನುವ ದ್ರಾಕ್ಷಿಗೂ ವೈನ್ ದ್ರಾಕ್ಷಿಗೂ ದಾರಿ ಬೇರೆಯಾಗುವುದು ಕಾಯಿ ಕಟ್ಟಿದ ಮೇಲೆ. ಥಾಮ್ಸನ್ ಎಂಬ ತಿನ್ನುವ ತಳಿಯ ಬೆಳೆಗಾರ ಕಾಯಿ ದಪ್ಪವಾಗಲೆಂದು ಜಿಬ್ಬರೆಲಿಕ್ ಆಮ್ಲ ಕೊಡುತ್ತಾನೆ. ವೈನಿಗೆ ಬೇಕಾದದ್ದು ಸಣ್ಣ ಹಣ್ಣು. ಕೆಂಪು ವೈನಿನ ಬಣ್ಣ, ಒಗರು, ಬಹುಪಾಲು ಪರಿಮಳ ಇರುವುದು ಸಿಪ್ಪೆಯಲ್ಲಿ. ಹಣ್ಣು ಚಿಕ್ಕದಾದಷ್ಟೂ ರಸಕ್ಕೆ ಸಿಗುವ ಸಿಪ್ಪೆಯ ಪಾಲು ಹೆಚ್ಚು. ಅದಕ್ಕೆಂದೇ ಬಣ್ಣ ತಿರುಗುವ ಮುನ್ನ ಹನಿ ನೀರನ್ನು ತುಸು ಬಿಗಿ ಮಾಡುತ್ತಾರೆ, ಹೆಚ್ಚಾದ ಗೊಂಚಲುಗಳನ್ನು ಕತ್ತರಿಸಿ ನೆಲಕ್ಕೆ ಹಾಕುತ್ತಾರೆ. ಆದರೆ ಕಿಲೋ ಲೆಕ್ಕದಲ್ಲಷ್ಟೇ ಹಣ ಕೊಟ್ಟು ಇದನ್ನು ರೈತನಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಇಳುವರಿ ಇಳಿಸಿದ್ದಕ್ಕೆ ಎಕರೆ ಲೆಕ್ಕದ ಭರವಸೆಯೋ ಗುಣಮಟ್ಟದ ಬೆಲೆಯೋ ಕರಾರಿನಲ್ಲೇ ಇರಬೇಕು.

ಕೊಯ್ಲಿನ ದಿನ ನಿಶ್ಚಯಿಸುವುದು ಇನ್ನೊಂದು ಕಠಿಣ ಲೆಕ್ಕ. ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಎರಡು ಹನಿ ರಸ ಬಿಟ್ಟರೆ ಸಕ್ಕರೆ ಎಷ್ಟು ಬ್ರಿಕ್ಸ್ (ರಸದ ಸಕ್ಕರೆ ಅಳೆಯುವ ಮಾನ) ಎಂದು ತಿಳಿಯುತ್ತದೆ. ಅದರ ಅರ್ಧಕ್ಕಿಂತ ತುಸು ಹೆಚ್ಚು, ಮುಂದೆ ವೈನಿನಲ್ಲಿ ಬರುವ ಮದ್ಯಾಂಶದ ಶೇಕಡಾವಾರು. 24 ಬ್ರಿಕ್ಸ್ ಇದ್ದರೆ ಸುಮಾರು 13. ಆದರೆ ಬಿಸಿಲ ನಾಡಿನಲ್ಲಿ ಸಕ್ಕರೆ ಮುಂದೋಡುತ್ತದೆ, ಬೀಜ ಮತ್ತು ಸಿಪ್ಪೆ ಹಿಂದುಳಿಯುತ್ತವೆ. ಕಾಯುತ್ತಾ ಕೂತರೆ ಹಣ್ಣು ತನ್ನ ಉಸಿರಾಟಕ್ಕೇ ಮ್ಯಾಲಿಕ್ ಆಮ್ಲವನ್ನು ಖರ್ಚು ಮಾಡಿಕೊಂಡು ಹುಳಿ ಕಳೆದುಕೊಳ್ಳುತ್ತದೆ. ಬೆಚ್ಚಗಿನ ರಾತ್ರಿಗಳಲ್ಲಿ ಇನ್ನೂ ಬೇಗ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ದೊಡ್ಡಬಳ್ಳಾಪುರದ ತಂಪು ರಾತ್ರಿಗಳು ನೆರವಾಗುವುದು ಇಲ್ಲಿಯೇ. ಹಾಗಾಗಿ ಅನುಭವಿಗಳು ಮೀಟರ್ ನೋಡಿದ ಮೇಲೂ ಹಣ್ಣನ್ನು ಬಾಯಿಗೆ ಹಾಕಿಕೊಂಡು ಬೀಜ ಕಡಿಯುತ್ತಾರೆ. ಬೀಜ ಇನ್ನೂ ಹಸಿರಾಗಿ ಕಹಿಯಿದ್ದರೆ ಕೆಂಪು ತಳಿಗೆ ಇನ್ನು ಕೆಲವು ದಿನ ಕೊಡುತ್ತಾರೆ. ಹುಳಿಯೇ ಜೀವಾಳವಾದ ಸೊವಿನ್ಯೋನ್ ಬ್ಲಾಂಗೆ ಅಷ್ಟು ಕಾಯದೆ, ಬಿಸಿಲೇರುವ ಮುನ್ನವೇ ಆಳುಗಳನ್ನು ಇಳಿಸಿ ಕೊಯ್ದು ಮುಗಿಸುತ್ತಾರೆ.