ಚಳಿಗೆ ಮರಗಟ್ಟುವ ಚೆಂಡು

ಮನೆಯಲ್ಲಿ ಒಂದೇ ಥರದ ಎರಡು ರಬ್ಬರ್ ಚೆಂಡುಗಳಿದ್ದರೆ ಒಂದನ್ನು ರಾತ್ರಿ ಫ್ರೀಜರ್‌ನಲ್ಲಿಟ್ಟು ಬೆಳಿಗ್ಗೆ ತೆಗೆಯಿರಿ. ಎರಡನ್ನೂ ಭುಜದೆತ್ತರದಿಂದ ಒಟ್ಟಿಗೆ ಕೆಳಗೆ ಬಿಡಿ. ನಾನು ಅಡುಗೆಮನೆಯ ನೆಲದ ಮೇಲೆ ಮಾಡಿ ನೋಡಿದೆ. ಹೊರಗಿದ್ದ ಚೆಂಡು ಪುಟಿದು ಸೊಂಟದ ತನಕ ಬಂತು. ಫ್ರೀಜರಿನದು ಟೊಪ್ ಅಂತ ಬಿದ್ದು ಮೊಣಕಾಲಿನ ಮಟ್ಟಕ್ಕೂ ಏಳಲಿಲ್ಲ. ಅದನ್ನೇ ಅಂಗೈಯಲ್ಲಿ ಉಜ್ಜಿ ಬಿಸಿ ಮಾಡುತ್ತಾ ಮತ್ತೆ ಮತ್ತೆ ಬಿಟ್ಟಾಗ ಪುಟಿತ ಮೆಲ್ಲಗೆ ವಾಪಸ್ ಬಂತು.

ಅಮೆರಿಕದ ಬೇಸ್‌ಬಾಲ್ ನೋಡುವಾಗೆಲ್ಲ ನನಗೆ ಆ ಫ್ರೀಜರಿನ ಚೆಂಡು ನೆನಪಾಗುತ್ತದೆ. ಅದು ಬೇಸಿಗೆಯ ಆಟ. ಆದರೆ ಸೀಸನ್ ಶುರುವಾಗುವುದು ಮಾರ್ಚ್ ಕೊನೆಯಲ್ಲಿ, ಆಗ ಕ್ಲೀವ್‌ಲ್ಯಾಂಡ್, ಮಿನಿಯಾಪೊಲಿಸ್ ಕಡೆ ಯಾವಾಗ ಬೇಕಾದರೂ ಹಿಮ ಬೀಳಬಹುದು. ಇನ್ನು ಚಾಂಪಿಯನ್ ಯಾರು ಅಂತ ತೀರ್ಮಾನವಾಗುವ ವರ್ಲ್ಡ್ ಸೀರೀಸ್ ನಡೆಯುವುದು ಅಕ್ಟೋಬರ್ ಕೊನೆಯ ರಾತ್ರಿಗಳಲ್ಲಿ. ಚಳಿ ಅಂದರೆ ನೋಡುವವರಿಗೊಂದು ಕಂಬಳಿ, ಆಡುವವರಿಗೊಂದು ಟೋಪಿ, ಅಷ್ಟೇ ತಾನೇ ಅಂತ ಅನ್ನಿಸಬಹುದು. ಅಷ್ಟೇ ಅಲ್ಲ. ಚಳಿ ಆಟವನ್ನೇ ಬದಲಾಯಿಸಿಬಿಡುತ್ತದೆ.

ಮೊದಲು ಚೆಂಡನ್ನೇ ನೋಡೋಣ. ಒಳಗೆ ಕಾರ್ಕ್ ಮತ್ತು ರಬ್ಬರಿನ ತಿರುಳು, ಅದರ ಸುತ್ತ ಬಿಗಿಯಾಗಿ ಸುತ್ತಿದ ಉಣ್ಣೆ ದಾರ, ಮೇಲೆ ಚರ್ಮ, ಚರ್ಮಕ್ಕೆ 108 ಜೋಡಿ ಕೆಂಪು ಹೊಲಿಗೆ. ತೂಕ 142ರಿಂದ 149 ಗ್ರಾಂ, ಅಂದರೆ ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಹಗುರ. ಬ್ಯಾಟಿಗೆ ಬಡಿದಾಗ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತಿನಲ್ಲಿ ಅದು ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಹಾಗೆ ಉಬ್ಬುವಾಗಿನ ಒದೆತವೇ ಚೆಂಡನ್ನು ದೂರ ಕಳಿಸುವುದು. ತಣ್ಣಗಾದ ಚೆಂಡು ಗಡುಸಾಗುತ್ತದೆ, ಏಟಿನ ಶಕ್ತಿಯಲ್ಲಿ ಜಾಸ್ತಿ ಪಾಲು ಒಳಗೇ ಶಾಖವಾಗಿ ಕರಗಿಹೋಗುತ್ತದೆ, ಹಾಗಾಗಿ ಅದೇ ಬ್ಯಾಟು ಅದೇ ಜೋರಿನಲ್ಲಿ ಬೀಸಿದರೂ ಚೆಂಡು ಸ್ವಲ್ಪ ನಿಧಾನವಾಗಿ ಹೊರಡುತ್ತದೆ.

ಆಮೇಲೆ ಗಾಳಿ. ತಣ್ಣನೆಯ ಗಾಳಿ ದಟ್ಟ. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿಗಿಂತ 5 ಡಿಗ್ರಿಯ ಗಾಳಿ ಸುಮಾರು 9 ಶೇಕಡಾ ಜಾಸ್ತಿ ದಟ್ಟವಾಗಿರುತ್ತದೆ. ಚೆಂಡು ಅದನ್ನು ಸೀಳಿಕೊಂಡು ಹೋಗಬೇಕು. 120 ಮೀಟರ್ ಹೋಗಬೇಕಾದ ಹೊಡೆತ ಗಾಳಿಯ ತಡೆಯಿಂದಲೇ ಸುಮಾರು 4ರಿಂದ 5 ಮೀಟರ್ ಮೊದಲೇ ಇಳಿದುಬಿಡುತ್ತದೆ. ಅಷ್ಟು ಮಹಾ ಏನು ಅಂತೀರಾ? ಬೇಸ್‌ಬಾಲ್ ಮೈದಾನದ ಬೇಲಿಯ ಒಳಬದಿಯಲ್ಲಿ ಹುಲ್ಲಿಲ್ಲದ ಮಣ್ಣಿನ ಪಟ್ಟಿಯೊಂದಿರುತ್ತದೆ. ಆಕಾಶ ನೋಡುತ್ತಾ ಹಿಂದಕ್ಕೆ ಓಡುವ ಫೀಲ್ಡರಿಗೆ ಬೇಲಿ ಹತ್ತಿರ ಬಂತು ಅಂತ ಕಾಲಿಗೇ ಗೊತ್ತಾಗಲಿ ಅಂತ ಮಾಡಿದ ಪಟ್ಟಿ ಅದು. ಅದರ ಅಗಲ ಸಾಮಾನ್ಯವಾಗಿ ನಾಲ್ಕೂವರೆ ಮೀಟರ್. ಜುಲೈನಲ್ಲಿ ಬೇಲಿ ದಾಟಿ ಹೋಮ್ ರನ್ ಆಗುವ ಹೊಡೆತ ಅಕ್ಟೋಬರಿನಲ್ಲಿ ಸರಿಯಾಗಿ ಆ ಮಣ್ಣಿನ ಪಟ್ಟಿಯ ಮೇಲೆ ಕ್ಯಾಚ್ ಆಗುತ್ತದೆ.

ಇದು ನಮಗೇನೂ ಹೊಸದಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ಚಿನ್ನಸ್ವಾಮಿ ಮೈದಾನದಲ್ಲಿ ಸಿಕ್ಸರ್ ಸಲೀಸಾಗಿ ಹೋಗುವುದಕ್ಕೆ ಚಿಕ್ಕ ಬೌಂಡರಿಯ ಜೊತೆ ಅದೂ ಒಂದು ಕಾರಣ. ಚಳಿ ಮಾಡುವುದು ಅದರ ಉಲ್ಟಾ ಕೆಲಸ. ಬಿಸಿಯ ಕಡೆಯ ಲೆಕ್ಕವೂ ಸಿಕ್ಕಿದೆ. 2010ರಿಂದ ಒಂದು ದಶಕದಲ್ಲಿ ಬಿದ್ದ ಹೋಮ್ ರನ್‌ಗಳಲ್ಲಿ 500ಕ್ಕೂ ಜಾಸ್ತಿ ಭೂಮಿ ಬಿಸಿಯಾದದ್ದರ ಫಲ ಅಂತ ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು 2023ರಲ್ಲಿ ಅಂದಾಜು ಮಾಡಿದರು.

ಹಾಗಾದರೆ ಚಳಿಯಲ್ಲಿ ಚೆಂಡೆಸೆಯುವ ಪಿಚರ್‌ಗೆ ಹಬ್ಬವಾ? ಇಲ್ಲ. ಚಳಿಗೆ ಬೆರಳಿನ ರಕ್ತನಾಳಗಳು ಕುಗ್ಗುತ್ತವೆ, ನರಗಳ ಸುದ್ದಿ ನಿಧಾನವಾಗುತ್ತದೆ, ತುದಿ ಮರಗಟ್ಟುತ್ತದೆ. ಚೆಂಡನ್ನು ತಿರುಗಿಸುವುದೆಲ್ಲ ಬೆರಳ ತುದಿ ಮತ್ತು ಹೊಲಿಗೆಯ ನಡುವಿನ ಹಿಡಿತದಲ್ಲಿದೆ. ಬೆಳಗಿನ ಜಾವ ತಣ್ಣೀರಲ್ಲಿ ಪಾತ್ರೆ ತೊಳೆದು ಬಂದ ಕೈಯಲ್ಲಿ ಸೂಜಿಗೆ ದಾರ ಪೋಣಿಸಿ ನೋಡಿ, ಗೊತ್ತಾಗುತ್ತದೆ. ಚಳಿ ಜಾಸ್ತಿ ಇದ್ದ ದಿನ ಎರಡೂ ತಂಡಗಳು ಒಪ್ಪಿದರೆ ಪಿಚರ್ ಕೈಗೆ ಬಾಯಿಂದ ಬಿಸಿ ಗಾಳಿ ಊದಿಕೊಳ್ಳಬಹುದು ಅಂತ ನಿಯಮದಲ್ಲೇ ಬರೆದಿದ್ದಾರೆ. ಬ್ಯಾಟ್ಸ್‌ಮನ್ ಪಾಡೂ ಅಷ್ಟೇ. ಚೆಂಡು ಬ್ಯಾಟಿನ ಸರಿಯಾದ ಜಾಗಕ್ಕೆ ತಾಗದಿದ್ದರೆ ಮರದ ಕಂಪನವೆಲ್ಲ ಅಂಗೈಗೆ ಬರುತ್ತದೆ, ಮರಗಟ್ಟಿದ ಕೈಗೆ ಆ ಏಟು ಜೇನು ಕಚ್ಚಿದ ಹಾಗೆ.

1997ರ ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆಯಿತು. ಶುರುವಾದಾಗ ತಾಪಮಾನ ಸುಮಾರು 3 ಡಿಗ್ರಿ ಸೆಲ್ಸಿಯಸ್. ಹಿಮದ ಹುಡಿ ಹಾರುತ್ತಿತ್ತು. ಎದುರಾಳಿ ತಂಡ ಬಂದಿದ್ದು ಬೆಚ್ಚಗಿನ ಮಯಾಮಿಯಿಂದ. ಕ್ಲೀವ್‌ಲ್ಯಾಂಡ್ 10-3ರಲ್ಲಿ ಗೆದ್ದಿತು. ಒಟ್ಟು ಹದಿಮೂರು ರನ್. ಅಂದರೆ ಚಳಿ ಇದ್ದರೆ ರನ್ ಬರಲ್ಲ ಅಂತ ಕಣ್ಣುಮುಚ್ಚಿ ಹೇಳೋಕಾಗಲ್ಲ, ಯಾರ ಕೈ ಮೊದಲು ಸೋಲುತ್ತದೋ ಅದರ ಮೇಲೆ ಹೋಗುತ್ತದೆ. ಅದೇ ಸರಣಿಯ ಕೊನೆಯ ಪಂದ್ಯ ಮಯಾಮಿಯಲ್ಲಿ ಆಯಿತು, ಅಲ್ಲಿ ಚಳಿಯ ಸುದ್ದಿಯೇ ಇಲ್ಲ. ಒಂದೇ ಕಪ್ಪಿಗಾಗಿ ಎರಡು ಬೇರೆ ಬೇರೆ ಆಟ ಆಡಿಸಿದ ಹಾಗಾಯ್ತು, ಅಲ್ವಾ?

ಈ ಪರಿಸ್ಥಿತಿ ಒಂದೇ ಸಲಕ್ಕೆ ಬಂದದ್ದಲ್ಲ. 1903ರ ಮೊದಲ ವರ್ಲ್ಡ್ ಸೀರೀಸ್ ಅಕ್ಟೋಬರ್ 13ಕ್ಕೇ ಮುಗಿದಿತ್ತು. 1960ರ ದಶಕದ ಶುರುವಿನಲ್ಲಿ ಒಂದು ತಂಡದ ಲೀಗ್ ಪಂದ್ಯಗಳು 154ರಿಂದ 162ಕ್ಕೆ ಏರಿದವು. 1969ರಲ್ಲಿ ಫೈನಲ್‌ಗೆ ಮುಂಚೆ ಇನ್ನೊಂದು ಸುತ್ತು ಸೇರಿತು, 1995ರಲ್ಲಿ ಮತ್ತೊಂದು. 2022ರಿಂದ ಹನ್ನೆರಡು ತಂಡ, ನಾಲ್ಕು ಸುತ್ತು. ಆ ವರ್ಷದ ಕೊನೆಯ ಪಂದ್ಯ ನವೆಂಬರ್ 5ಕ್ಕೆ ಬಂತು. ಒಂದೊಂದು ಸುತ್ತು ಸೇರಿಸಿದಾಗಲೂ ಫೈನಲ್ ಚಳಿಗಾಲದ ಒಳಗೆ ಇನ್ನೊಂದು ಹೆಜ್ಜೆ ಇಟ್ಟಿತು.

ಅದಕ್ಕಿಂತ ದೊಡ್ಡ ಬದಲಾವಣೆ ಗಡಿಯಾರದ್ದು. 1971ರ ತನಕ ವರ್ಲ್ಡ್ ಸೀರೀಸ್ ಹಗಲಿನಲ್ಲೇ ನಡೆಯುತ್ತಿತ್ತು. ಆ ವರ್ಷ ಪಿಟ್ಸ್‌ಬರ್ಗ್‌ನಲ್ಲಿ ಟಿವಿ ನೋಡುವವರಿಗಾಗಿ ಮೊದಲ ಸಲ ರಾತ್ರಿ ಆಡಿಸಿದರು. 1976ರಲ್ಲಿ ಸಿನ್ಸಿನಾಟಿಯಲ್ಲಿ ಭಾನುವಾರ ರಾತ್ರಿಯ ಪಂದ್ಯ, ಕೊರೆಯುವ ಚಳಿ, ಆದರೂ ಬೇಸ್‌ಬಾಲ್ ಆಡಳಿತದ ಮುಖ್ಯಸ್ಥ, ಕಮಿಷನರ್ ಬೋವಿ ಕೂನ್ ಚಳಿಯೇ ಇಲ್ಲ ಅನ್ನುವ ಹಾಗೆ ಓವರ್‌ಕೋಟ್ ಹಾಕದೆ ಕೂತಿದ್ದರು. 1988ರಿಂದೀಚೆಗೆ ಪೂರ್ವ ತೀರದ ಗಡಿಯಾರದ ಪ್ರಕಾರ ಎಲ್ಲವೂ ರಾತ್ರಿ ಪಂದ್ಯಗಳೇ. ಮೋಡವಿಲ್ಲದ ಮಾಗಿಯ ರಾತ್ರಿ ಎಷ್ಟು ಬೇಗ ಕೊರೆಯೋಕೆ ಶುರುವಾಗುತ್ತದೆ ಅಂತ ನಮಗೂ ಗೊತ್ತು. ಬಿಸಿಲು ಹೋಯಿತು ಅಂದರೆ ನೆಲ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ, ಅದನ್ನು ತಡೆಯುವ ಮೋಡದ ಹೊದಿಕೆಯೂ ಇರುವುದಿಲ್ಲ.

ಸೀಸನ್ನಿನ ಆ ತುದಿಯೂ ಹೀಗೇ. 2007ರ ಏಪ್ರಿಲ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ಮೊದಲ ತವರು ಪಂದ್ಯ ಒಂಬತ್ತು ಇನಿಂಗ್ಸ್‌ಗಳಲ್ಲಿ ಐದು ತುಂಬಲು ಒಂದೇ ಒಂದು ಸ್ಟ್ರೈಕ್, ಅಂದರೆ ಬ್ಯಾಟ್ಸ್‌ಮನ್ ಸರಿಯಾಗಿ ಹೊಡೆಯಲಾಗದ ಒಂದು ಎಸೆತ, ಬಾಕಿ ಇದ್ದಾಗ ಹಿಮಕ್ಕೆ ನಿಂತುಹೋಯಿತು. ಐದು ತುಂಬಿದ್ದರೆ ಪಂದ್ಯ ಲೆಕ್ಕಕ್ಕೆ ಬರುತ್ತಿತ್ತು. ಮುಂದಿನ ಸರಣಿಯನ್ನು ಮಿಲ್ವಾಕಿಗೆ ಒಯ್ದರು. ಅದೂ ಚಳಿಯ ಊರೇ, ಆದರೆ ಮೈದಾನಕ್ಕೆ ಮುಚ್ಚುವ ಛಾವಣಿ ಇದೆ.

ಹಾಗಾದರೆ ಏಪ್ರಿಲ್ ಪಂದ್ಯಗಳನ್ನೆಲ್ಲ ದಕ್ಷಿಣದ ಊರುಗಳಲ್ಲೇ ಇಟ್ಟರೆ ಆಯ್ತಲ್ಲ? ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ಏಪ್ರಿಲ್‌ನಲ್ಲಿ ಮಕ್ಕಳಿಗೆ ಶಾಲೆ, ಟಿಕೆಟ್ ಕಮ್ಮಿ ಹೋಗುತ್ತದೆ. ಜುಲೈನ ಒಳ್ಳೆ ವ್ಯಾಪಾರ ಬಿಟ್ಟುಕೊಡೋಕೆ ಬೆಚ್ಚಗಿನ ಊರಿನವರು ಯಾಕೆ ಒಪ್ಪುತ್ತಾರೆ?

ನನಗೆ ಕಾಣುವ ಸುಲಭದ ದಾರಿ ಬೇರೆ. ಸುತ್ತುಗಳನ್ನು ಕಮ್ಮಿ ಮಾಡುವುದಿಲ್ಲ ಅನ್ನುವುದಾದರೆ ಬೇಡ, ಶನಿವಾರ ಭಾನುವಾರದ ವರ್ಲ್ಡ್ ಸೀರೀಸ್ ಪಂದ್ಯಗಳನ್ನಾದರೂ ಛಾವಣಿ ಇಲ್ಲದ ಉತ್ತರದ ಊರುಗಳಲ್ಲಿ ಮಧ್ಯಾಹ್ನ ಎರಡಕ್ಕೆ ಶುರು ಮಾಡಲಿ. ಅದೇ ಅಕ್ಟೋಬರ್, ಆದರೆ ಬೆನ್ನಿಗೆ ಬಿಸಿಲು ಬೀಳುತ್ತದೆ, ಪಿಚರ್ ಬೆರಳಿಗೆ ಹೊಲಿಗೆ ಸಿಗುತ್ತದೆ. ಒಂಬತ್ತನೇ ಇನಿಂಗ್ಸಿನ ಕೊನೆಯ ಚೆಂಡು ಬೀಳುವಾಗ ಆ ಊರಿನ ಮಕ್ಕಳು ಇನ್ನೂ ಎಚ್ಚರ ಇರುತ್ತಾರೆ.